ತುಟಿಯೋದು

ಟಿಕೆಟ್ಟನ್ನು ಸಕ್ಕರೆ ಡಬ್ಬಿಯ ಕೆಳಗೆ ಇಟ್ಟು ಹೋಗಿದ್ದಳು ಕಿಂಗಾ,
ನನ್ನ ಹಿಂಬದಿ ಕೋಣೆಯ ಬಾಡಿಗೆಯವಳು,
ನಾಟ್ಯಶಾಲೆಯಲ್ಲಿ ಮೂರನೇ ವರ್ಷ.
"ಬಂದರೆ ಬನ್ನಿ, ಅರ್ಥವಾಗದಿದ್ದರೂ ಚಿಂತೆಯಿಲ್ಲ."
ಆ ಮಾತು ಒಂದಿಷ್ಟು ಚುಚ್ಚಿತೆನ್ನಿ.
ಅದಕ್ಕೇ ಹೋದೆ.

ಹೋದರೆ, ಅದೇ ಗೇಟು.
ವುಚ್ ಊರಿನ ಹಳೇ ಬಟ್ಟೆ ಗಿರಣಿ, ಎರಡನೇ ಮಹಡಿ,
ಹತ್ತೊಂಬತ್ತು ವರ್ಷ ನಾನು ನಿಂತ ಹಜಾರ.
ಮಗ್ಗಗಳನ್ನು ಗುಜರಿಗೆ ಹಾಕಿ,
ಇಟ್ಟಿಗೆಯ ಮಸಿ ತಿಕ್ಕಿ, ಕಂಬಕ್ಕೆಲ್ಲ ಬಿಳಿ ಬಳಿದು
ಕೋಟು ತೆಗೆದುಕೊಂಡು ನಂಬರಿನ ಬಿಲ್ಲೆ ಕೊಡುತ್ತಾರೆ ಈಗ.
ಸಿಕ್ಕಿದ್ದು ನಲವತ್ತೊಂದು.
ನನ್ನ ಮಗ್ಗದ ನಂಬರು ನೂರಾ ಆರು;
ಕೇಳಿದ್ದರೆ ಕೊಡುತ್ತಿದ್ದರೇನೋ.

ಮೊದಲನೆಯದರ ಹೆಸರು 'ನದಿ'.
ನೀಲಿ ತೊಟ್ಟ ಹನ್ನೊಂದು ಮಂದಿ
ಉರುಳಿದರು, ಎದ್ದರು, ಮತ್ತೆ ಉರುಳಿದರು.
ನಮ್ಮೂರ ಹೆಸರಿಗೆ ದೋಣಿ ಎಂದು ಅರ್ಥ,
ಹೊಳೆಗಳನ್ನೋ ಎಂದೋ ಕೊಳವೆಗೆ ತುರುಕಿ
ಮೇಲೆ ರಸ್ತೆ ಎಳೆದಿದ್ದಾರೆ.
ಹಾಗಾಗಿ ಇವರು ನೆಲದ ಮೇಲೆ ಹರಿದದ್ದು
ನನಗೆ ಸುಳ್ಳೆನಿಸಿತು.
ಪಕ್ಕದ ಗಡ್ಡದವನು ತಲೆದೂಗಿ ಏನೋ ಬರೆದುಕೊಂಡ.

ಆಮೇಲೆ ತುಟಿಗಳು ಕಂಡವು.

ಮುನ್ನೂರು ಮಗ್ಗ ಒಟ್ಟಿಗೆ ಬಡಿದುಕೊಳ್ಳುವಲ್ಲಿ
ಕಿವಿಗೇನು ಕೆಲಸ?
ನಾವು ತುಟಿ ನೋಡಿ ಕೇಳುತ್ತಿದ್ದೆವು.
ಮೂರು ಸಾಲಿನಾಚೆಯಿಂದ ಲ್ಯುಬೊಮಿರಾ
ತನ್ನ ಗಂಡನಿಗೆ ಹಾಕಿದ ಶಾಪ,
ಮೇಸ್ತ್ರಿ ಬಂದನೆಂಬ ಎಚ್ಚರಿಕೆ,
ಬೆಣ್ಣೆಯಂಗಡಿಯ ಕ್ಯೂ ಎಷ್ಟುದ್ದವೆಂಬ ಲೆಕ್ಕ,
ಒಬ್ಬಳಿಗೆ ಗರ್ಭ ನಿಲ್ಲಲಿಲ್ಲವೆಂಬ ಸಮಾಚಾರ,
ಎಲ್ಲ ಹಾಸುಹೊಕ್ಕಿನ ಮೇಲೇ ದಾಟಿ ಬರುತ್ತಿತ್ತು, ಸದ್ದಿಲ್ಲದೆ.
ಆ ಕಣ್ಣು ಇನ್ನೂ ಹೋಗಿಲ್ಲ.

'ನದಿ' ಹೇಳುತ್ತಿದ್ದುದು: ಐದು, ಆರು, ಏಳು, ಎಂಟು.

ಎರಡನೆಯದು ಸಾವಂತೆ.
ಹುಡುಗ ಹುಡುಗಿಯನ್ನು ಹೆಗಲಿಗೆತ್ತಿ
ನಿಧಾನ, ಬಲು ನಿಧಾನ, ಬೆಳಕಿನಿಂದಾಚೆ ಒಯ್ದ.
ಸಭೆ ಉಸಿರು ಬಿಗಿಹಿಡಿದಿತ್ತು.
ಸತ್ತವಳು ಅಂದಳು, "ಜಡೆ, ನನ್ನ ಜಡೆ ಬಿಡೋ ಕತ್ತೆ."
ಅವನು ಅಂದ, "ಬೆವರು. ಜಾರ್ತಿದೀಯ."
ಇಡೀ ಹಜಾರದಲ್ಲಿ ನಕ್ಕವಳು ನಾನೊಬ್ಬಳೇ.
ಗಡ್ಡದವನು ತಿರುಗಿ ನೋಡಿದ.
ನೋಡಲಿ. ಅವನು ಅವಳನ್ನು ಬೀಳಿಸಲಿಲ್ಲ.
ಜಾರುತ್ತಿರುವುದನ್ನು ಬೀಳಗೊಡದೆ ಬಾಗಿಲವರೆಗೆ ಒಯ್ಯುವುದು:
ಸಾವಿನ ಬಗ್ಗೆ ಇಪ್ಪತ್ತರ ವಯಸ್ಸಿಗೆ ಅಷ್ಟು ತಿಳಿದರೆ ಸಾಲದೇ?
ನನ್ನ ಝೆನೊನನನ್ನು ಆಸ್ಪತ್ರೆಯ ಮೆಟ್ಟಿಲು ಇಳಿಸುವಾಗ
ನಾವೂ ಆಡಿದ್ದು ಇಂಥದೇ ಮಾತು.
ಚಪ್ಪಲಿ. ನೋಡಿಕೊಂಡು. ಎಡಕ್ಕೆ.

ಕಿಂಗಾ ಕೊನೆಗೆ, ಒಬ್ಬಳೇ.
ಒಂದು ಕುರ್ಚಿ, ಅವಳು. ಸಂಗೀತವಿಲ್ಲ.
ಕಿಟಕಿಯ ಬದಿಗೆ ಒಂದು ಬೆರಳು ತಗ್ಗು ಅಲ್ಲಿ,
ಯಂತ್ರದ ಭಾರ ನೆಲವನ್ನು ಒತ್ತಿ ಒತ್ತಿ ಕೂತ ಜಾಗ.
ಇವಳಿಗೆ ಹೇಳಬೇಕಿತ್ತು ಎಂದುಕೊಳ್ಳುವಷ್ಟರಲ್ಲಿ
ಪಾದ ಅಲ್ಲಿಗೇ ಬಂತು, ತಡವರಿಸಿತು,
ಮೈಯಿಡೀ ಒಂದು ಗಳಿಗೆ ವಾಲಿತು,
ಆ ವಾಲುವಿಕೆಯನ್ನೇ ಹಿಡಿದು ಸುತ್ತು ಹೊಡೆದಳು.
ನೂಲು ಹರಿದಾಗ ನಾವೂ ಹಾಗೇ,
ಮೇಸ್ತ್ರಿ ನೋಡುವ ಮೊದಲೇ
ಹರಿದ ತುದಿಗೇ ಗಂಟು.

ಅವಳು ಎಣಿಸುತ್ತಿರಲಿಲ್ಲ.
ಕುರ್ಚಿಯ ಕಡೆ ತಿರುಗಿದಾಗಲೆಲ್ಲ
ಆ ತುಟಿ ಒಂದು ಹೆಸರು ಹೇಳುತ್ತಿತ್ತು.
ಎರಡು ಅಕ್ಷರ. ನಾಲ್ಕು ಸಲ.
ಅದನ್ನು ಇಲ್ಲಿ ಬರೆಯಲಾರೆ,
ನನಗೆ ಕೇಳಿಸಲೆಂದು ಆಡಿದ್ದಲ್ಲ ಅದು.

ಟ್ರಾಮಿನಲ್ಲಿ ಪಕ್ಕಕ್ಕೆ ಬಂದು ಕುಸಿದಳು, ಬೂಟು ಕಳಚಿ
ಹೆಬ್ಬೆರಳ ಪಟ್ಟಿ ಸರಿಮಾಡಿಕೊಳ್ಳುತ್ತ ಕೇಳಿದಳು:
"ಅರ್ಥ ಆಯ್ತಾ?"

ಕುಣಿಯಲಾರದವಳು ಹೇಳುವ ಮಾತು ಒಂದಿದೆಯಲ್ಲ.
ನಾನು ಎಂದೂ ಕುಣಿದವಳಲ್ಲ, ಹೇಳಬಹುದು.
"ನೆಲ ಡೊಂಕು," ಅಂದೆ.

ಅವಳು ನಕ್ಕಳು, ನಕ್ಕು ನಕ್ಕು ಕಿಟಕಿಗೆ ತಲೆಯಾನಿಸಿದಳು.
ಸ್ವಲ್ಪ ಹೊತ್ತಿಗೆ ನಗು ನಿಂತಿತು.
ಕತ್ತಲ ಗಾಜಿನಲ್ಲಿ ಅವಳ ತುಟಿ ಕಾಣುತ್ತಿತ್ತು.
ನಾನು ಕೈಚೀಲದೊಳಗೆ ಏನನ್ನೋ ಹುಡುಕತೊಡಗಿದೆ.