ಹಲ್ಲಿನ ನಡುವೆ ಒಂದು ದಿರಹಂ

ಎರಡೂ ಕೈಯಲ್ಲಿ ಹೊಲಿದ ಬಟ್ಟೆಯ ಕಟ್ಟು,
ಕಂಕುಳಲ್ಲಿ ಅಳತೆಯ ಪುಸ್ತಕ.
ಅದಕ್ಕೇ ಬರ್ ದುಬೈಯಲ್ಲಿ ಅಬ್ರಾ ಹತ್ತುವಾಗ
ದಿರಹಂ ಬಿಲ್ಲೆಯನ್ನು ಹಲ್ಲಲ್ಲಿ ಕಚ್ಚಿಕೊಳ್ಳುತ್ತೇನೆ.
ಹನ್ನೊಂದು ವರ್ಷದ ಅಭ್ಯಾಸ;
ಲೋಹ, ಉಪ್ಪು, ಯಾರದೋ ಬೆವರು.

ಮೊನ್ನೆ ಉಳ್ಳಾಲದಿಂದ ಸಫ್ರೀನ
ಫೋನಿನಲ್ಲೇ ಪಾಠ ಓದಿದಳು:
ಗ್ರೀಕರು ಸತ್ತವರ ಬಾಯಲ್ಲಿ ನಾಣ್ಯ ಇಡುತ್ತಿದ್ದರಂತೆ,
ಖಾರೋನ್ ಎಂಬ ಅಂಬಿಗನ ಕೂಲಿ.
ಕೊಡಲಾಗದವರು ನೂರು ವರ್ಷ ದಡದಲ್ಲೇ.
"ಬಾಪಾ, ಥೇಟ್ ನಿಮ್ಮ ಹಾಗೆ!"
ನಕ್ಕಳು. ನಾನೂ ನಕ್ಕೆ,
ಸ್ವಲ್ಪ ತಡವಾಗಿ.

ಕಟಿಂಗ್ ಮಾಸ್ಟರ್ ಸಂಜೀವಣ್ಣ ಹೇಳುತ್ತಿದ್ದರು,
ನಮ್ಮದು ವೈತರಣಿ ಮಾರಾಯ, ದೋಣಿ ಇಲ್ಲ,
ಹಸುವಿನ ಬಾಲ ಹಿಡಿದರೆ ಆಯಿತು.
ಕೊನೆಗೆ ಅವರಿಗೆ ಬಾಲವೂ ಇಲ್ಲ, ಬಿಲ್ಲೆಯೂ ಇಲ್ಲ:
ಕಾರ್ಗೋ ತಕ್ಕಡಿ,
ಪೆಟ್ಟಿಗೆ ಸೇರಿ ನೂರ ಹದಿನಾಲ್ಕು ಕಿಲೋ.
ಸಹಿ ಹಾಕಿದವನು ನಾನು.
ಮುಖ ಕಾಣಲಿಲ್ಲ, ಬಿಳಿ ಬಟ್ಟೆ;
ಅಂಚಿನ ಹೊಲಿಗೆ ಸೊಟ್ಟಗಿತ್ತು.
ಅವರಾಗಿದ್ದರೆ ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದರು.

ಮೊಫಿಜುಲ್ ಕೈ ಚಾಚುತ್ತಾನೆ.
ಎಂಜಲು ಬಿಲ್ಲೆ ಅವನ ಅಂಗೈಗೆ ಬೀಳುತ್ತದೆ,
ಬೈಯದೆ ಅಂಗಿಗೆ ಒರೆಸಿ ಡಬ್ಬಕ್ಕೆ ಹಾಕುತ್ತಾನೆ.
ದೇರಾ ದಡ, ಈ ದಡ,
ದಿನಕ್ಕೆ ಎಷ್ಟು ಸಲವೋ.
ಎರಡೂ ಅವನ ಊರಲ್ಲ.

ಆ ಖಾರೋನನ ಊರು ಯಾವುದಿತ್ತು?
ತಿಂಗಳ ಕೊನೆಗೆ ಯಾರಿಗೆ ದುಡ್ಡು ಕಳಿಸುತ್ತಿದ್ದ?
ಸಫ್ರೀನಳ ಹತ್ತಿರ ಕೇಳಬೇಕು,
ಪಾಠದಲ್ಲಿ ಇರಲಿಕ್ಕಿಲ್ಲ.

ಗಾಳಿ. ಡೀಸೆಲ್ ಹೊಗೆ. ನೀರಮೇಲೆ ಕಡಲಕ್ಕಿ.
ಸಂಜೆ ವಾಪಸು ಬರಲು ಇಟ್ಟ ಇನ್ನೊಂದು ಬಿಲ್ಲೆ
ಎಡ ಜೇಬಿನೊಳಗಿಂದ
ತೊಡೆಗೆ ಒತ್ತುತ್ತಿದೆ.