ಕವಾಟ

ಹಾರ್ಲಿಂಗನ್ ಬಂದರಿನ ಬಿಡಿಭಾಗಗಳ ಅಂಗಡಿಯಲ್ಲಿ
ಹಿಲ್ಟ್ಯೆ ತನ್ನ ಇಮೇಲಿಗೊಂದು
ಹುಡುಕುವ ಪ್ಲಗಿನ್ ಜೋಡಿಸಿದಳು.

ಮೊದಲಾದರೆ ಪದ ಒತ್ತಿ, ಕಾಫಿ ಬಗ್ಗಿಸಿ,
ಕಿಟಕಿಯಾಚೆ ಸಿಗಡಿ ದೋಣಿ ಎಣಿಸಿ
ಮರಳುವಷ್ಟು ಹೊತ್ತು.
ಏನು ಹುಡುಕುತ್ತಿದ್ದೆ ಅನ್ನುವುದನ್ನೇ ಮರೆಯುವಷ್ಟು.

ಈಗ 'ಕವಾಟ' ಅಂತ ಬರೆದಳು, ಅಷ್ಟೇ.
ರೆಪ್ಪೆ ಬಡಿಯುವುದರೊಳಗೆ ನಲವತ್ತೊಂದು:
ಹಿತ್ತಾಳೆಯದು, ಎರಡಿಂಚಿನದು,
ತುಕ್ಕು ಹಿಡಿದು ವಾಪಸು ಬಂದದ್ದು,
ದೋಣಿಯೊಡೆಯ ಬೈದು ಬರೆದದ್ದು.

ನಡುವೆ ಅಣ್ಣ ಶೂರ್ಡ್:
"ಎದೆಯ ಕವಾಟ ಸೋರುತ್ತಿದೆಯಂತೆ.
ಅಮ್ಮನಿಗೆ ಹೇಳಬೇಡ."

ಅದರ ಕೆಳಗೆ ಕರಡೊಂದು, ಅವಳದೇ,
ಮೂರು ವರ್ಷದ್ದು, ಕಳಿಸದ್ದು:
"ಕವಾಟದ ವಿಷಯ ನಾಳೆ ವಿವರವಾಗಿ ಬರೀತೀನಿ ಅಣ್ಣ,
ಇವತ್ತು ಅಂಗಡಿ ತುಂಬಾ"

ಗಿರಾಕಿ ಕೌಂಟರಿನ ಮೇಲೆ ಬೆರಳು ಕುಟ್ಟಿದ:
"ಸಿಕ್ಕಿತಾ?"

"ಸಿಕ್ಕಿತು" ಅಂದಳು.
ಬೆಲೆ ಹೇಳಲು
ಸ್ವಲ್ಪ ಹೊತ್ತು ಹಿಡಿಯಿತು.