ಎರಡು ಸಾವಿರದ ಏಳುನೂರು ಅಡಿ

ಕಾಸಿಮೇಡಿನ ಐಸ್ ಲಾರಿ ನಂಗಲಿ ಗಡಿ ದಾಟಿ
ಕೋಲಾರಕ್ಕೆ ಬಂದು ನಿಲ್ಲುವುದು ನಾಲ್ಕೂವರೆಗೆ.
ಗಡಿಯಾರದ ಕಂಬದ ಹಿಂದೆ ನನ್ನ ಕೊಯ್ಯುವ ಹಲಗೆ,
ಹುಣಸೆಯದು, ನಮ್ಮತ್ತೆಯ ಕಾಲದ್ದು,
ನಡುವೆ ಸವೆದು ಸವೆದು ತಟ್ಟೆಯಾಗಿದೆ.

ಡ್ರೈವರ್ ಪನ್ನೀರು ಕೂಗಿ ಇಳಿಸುತ್ತಾನೆ: ‘ಸೂರೈ, ಅಕ್ಕಾ!’
ನಾವು ಅದನ್ನು ಸೂರೆ ಅನ್ನುತ್ತೇವೆ.
ಅವನ ಭಾಷೆಯಲ್ಲಿ ಅದು ಬರೀ ಮೀನಿನ ಹೆಸರು,
ನಮ್ಮದರಲ್ಲಿ ಲೂಟಿ.
ಹೊಟ್ಟೆ ಸೀಳಿದ ಮೇಲೆ
ನಮ್ಮ ಮಾತೇ ಸರಿ ಅನ್ನಿಸುತ್ತದೆ.

ಹೊಟ್ಟೆಗೆ ಗಿರಾಕಿ ಒಬ್ಬರೇ,
ಕಾಲೇಜಿನ ಪ್ರಾಣಿಶಾಸ್ತ್ರದ ಶಫೀವುಲ್ಲಾ ಮೇಷ್ಟ್ರು.
ಒಂದಕ್ಕೆ ಹತ್ತು ರೂಪಾಯಿ. ಮಾಂಸದ ಕಡೆ ತಿರುಗಿಯೂ ನೋಡರು.
ಮೊದಲ ದಿನ ನಕ್ಕಿದ್ದೆ:
‘ಬೆಕ್ಕು ಪುಕ್ಕಟೆ ತಿನ್ನೋದಕ್ಕೆ ದುಡ್ಡು ಕೊಡ್ತೀರಲ್ಲ ಸಾರ್.’

ಇವತ್ತು ಸೀಳಿದೆ.
ಮೊದಲು ಬಂದದ್ದು ಕೊಕ್ಕು.
ಗಿಣಿಯದೇ ಅನ್ನಬೇಕು, ಬಾಗಿದ್ದು, ಕಪ್ಪಗೆ, ಎರಡು ಹೋಳು.
‘ಹತ್ತು ಕೈಯಿನ ಕಡಂಬದ್ದು ಮುನಿರತ್ನಮ್ಮಾ.
ಮೈಯೆಲ್ಲ ಕರಗಿದೆ, ಇದೊಂದು ಕರಗೋದಿಲ್ಲ.’
ಆಮೇಲೆ ಬೆರಳುದ್ದದ ಕರಿ ಮೀನು, ಅರೆಬೆಂದ ಹಾಗೆ,
ತಲೆಯಿಲ್ಲ,
ಹೊಟ್ಟೆಯ ಅಂಚಿಗೆ ಸಾಲುಸಾಲು ಚುಕ್ಕಿ,
ರವಿಕೆ ತೋಳಿಗೆ ಹೊಲಿದ ಟಿಕಳಿಯಂತೆ.
ಮೇಷ್ಟ್ರು ಐಸ್ ಪೆಟ್ಟಿಗೆಯ ಮೇಲೆ ಕೂತೇಬಿಟ್ಟರು,
ಪ್ಯಾಂಟು ಒದ್ದೆಯಾದದ್ದೂ ತಿಳಿಯದೆ.

ಅದು ದೀಪದ ಮೀನಂತೆ.
ಹಗಲೆಲ್ಲ ಮುಸ್ಸಂಜೆಯಂಥ ನೀರಿನಲ್ಲಿ ಅದರ ವಾಸ.
ಮೇಲಿಂದ ಸೋಸಿ ಬರುವ ಚೂರು ಬೆಳಕು ಎಷ್ಟೋ
ಅಷ್ಟೇ ಬೆಳಕು ತನ್ನ ಹೊಟ್ಟೆಯಲ್ಲಿ ಹಚ್ಚುತ್ತದೆ,
ಕೆಳಗಿನ ಬಾಯಿಗಳಿಗೆ ನೆರಳು ಕಾಣಬಾರದು ಅಂತ.
ದೀಪ ಹಚ್ಚುವುದು ಕಾಣಿಸಿಕೊಳ್ಳಲಿಕ್ಕಲ್ಲ,
ಅಳಿಸಿಕೊಳ್ಳಲಿಕ್ಕೆ.

‘ಅಷ್ಟೆಲ್ಲ ಜಾಣತನ ಇದ್ದದ್ದು ಇಲ್ಲಿಗೆ ಹೇಗೆ ಬಂತು?’
ಮೇಷ್ಟ್ರು ಕೊಕ್ಕನ್ನು ಬೆಳಕಿಗೆ ಹಿಡಿದರು.
ತಲೆ ಕಚ್ಚಿದ್ದು ಕಡಂಬ ಇರಬಹುದು,
ನುಂಗುವಷ್ಟರಲ್ಲಿ ಸೂರೆ ಇಳಿದು ಬಂದಿರಬಹುದು,
ಇಲ್ಲವೇ ಇವೆರಡೂ ಒಂದನ್ನೊಂದು
ಈ ಚೀಲದೊಳಗೇ ಮೊದಲ ಸಲ ನೋಡಿದ್ದಿರಬಹುದು.
ಯಾರು ಕಂಡಿದ್ದಾರೆ.

ಬ್ಲೇಡಿನಿಂದ ಆ ಕರಿ ಮೀನನ್ನೂ ಸೀಳಿದರು.
ಒಳಗೆ ರಾಗಿ ಕಾಳಿನಷ್ಟು ಕೆಂಪು ಹುಳುಗಳು,
ಸಿಗಡಿಯ ದಾಯಾದಿಗಳಂತೆ.
ಅವು ತಿನ್ನುವುದು ಪಾಚಿ, ಮತ್ತೆ ಮೇಲಿನವರ ಹಿಕ್ಕೆ,
ಸತ್ತವರ ಪುಡಿ, ದಿನವಿಡೀ ಉದುರುವುದು.
ಕತ್ತಲಾದರೆ ಆ ಸಂತೆಗೆ ಸಂತೆಯೇ ಮೇಲೇರಿ ಉಂಡು
ಬೆಳಗಾಗುವ ಮೊದಲು ಇಳಿಯುತ್ತದೆ.
‘ದಿನಾ?’
‘ದಿನಾ.’
ನಾನೂ ಮೂರಕ್ಕೆ ಎದ್ದವಳು. ಸುಮ್ಮನಾದೆ.

‘ಎಷ್ಟು ಆಳ ಸಾರ್?’
ನಮ್ಮ ಕಡೆ ಆಳ ಅಂದರೆ ಬೋರಿನ ಲೆಕ್ಕ,
ಪಕ್ಕದ ಮನೆ ನಾರೆಪ್ಪನದು ಸಾವಿರದ ನಾನೂರು, ಬರೀ ಹುಡಿ.
ಮೇಷ್ಟ್ರು ಹೇಳಿದರು: ‘ರೈಲು ಸ್ಟೇಷನ್ನಿನ ಹಳದಿ ಹಲಗೆ ನೋಡಿದ್ದೀಯಲ್ಲ,
ಸಮುದ್ರಕ್ಕಿಂತ ನಾವೆಷ್ಟು ಎತ್ತರ ಅಂತ?
ಹೆಚ್ಚುಕಡಿಮೆ ಅಷ್ಟೇ ಕೆಳಗೆ.
ಅಡಿಯಲ್ಲಿ ಹೇಳಿದರೆ ಎರಡು ಸಾವಿರದ ಏಳುನೂರು.’

ನಾವು ನೀರಿಂದ ಅಷ್ಟು ಮೇಲೆ,
ಅದು ನೀರಲ್ಲಿ ಅಷ್ಟು ಕೆಳಗೆ.
ರಾತ್ರಿ ಊಟಕ್ಕೆಂದು ಹತ್ತುತ್ತಿದ್ದದ್ದು
ಈ ಸಲ ಇಳಿಯಲಿಲ್ಲ,
ಒಬ್ಬರ ಹೊಟ್ಟೆಯಲ್ಲಿ, ಪನ್ನೀರಿನ ಲಾರಿಯಲ್ಲಿ
ಹತ್ತಿಕೊಂಡೇ ಬಂತು.

ಹತ್ತು ರೂಪಾಯಿ ಕೊಟ್ಟು ಡಬ್ಬಿ ಮುಚ್ಚಿಕೊಂಡು ಹೋದರು.
ಹಲಗೆಯ ಕೆಳಗೆ ಎರಡು ಕಣ್ಣು ಹೊಳೆದವು.
ಕಿವಿರು ಎಸೆದೆ, ಕರುಳು ಎಸೆದೆ.
ಬೆಕ್ಕು ಬಿಟ್ಟದ್ದಕ್ಕೆ ಇರುವೆ,
ಇರುವೆಯ ಕೆಳಗೆ ಚರಂಡಿ, ಅದರಲ್ಲಿ ಇನ್ಯಾರೋ.

ಕೈ ತೊಳೆಯುವಾಗ ನೋಡುತ್ತೇನೆ,
ಹೆಬ್ಬೆರಳ ಉಗುರಿಗೆ ಅಂಟಿದೆ ಒಂದು ಟಿಕಳಿ.
ಎರಡೂ ಅಂಗೈ ಗೂಡು ಮಾಡಿ
ಕಣ್ಣೊಂದನ್ನು ಸಂದಿಗೆ ಇಟ್ಟು
ಒಳಗೆ ಇಣುಕಿದೆ.

‘ಏನಕ್ಕಾ, ಸೂರೆ ಕೇಜಿ ಎಷ್ಟು?’
ಯಾರೋ ಕೇಳುತ್ತಿದ್ದರು. ಬೆಳಕು ಹರಿದಿತ್ತು.